ಗಾಳಿಯ ತೂಕ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಕಬ್ಬಿನ ಸೀಮೆ. ಸುಗ್ಗಿಯ ಕಾಲದಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನೇ ಉರಿಸಿ ಉಗಿಯನ್ನು ಪಡೆಯುತ್ತವೆ. ಹೊಲಗಳಲ್ಲಿ ಒಣಗಿದ ರವದಿಗೂ ಬೆಂಕಿ ಬೀಳುವುದುಂಟು. ಅಂಗಳಕ್ಕೆ ಬಿದ್ದ ಬೂದಿಯನ್ನು ಗುಡಿಸಬಹುದು. ಆದರೆ ಕೂದಲೆಳೆಗಿಂತಲೂ ಸೂಕ್ಷ್ಮವಾದ ಕಣಗಳು ಕಣ್ಣಿಗೆ ಕಾಣದೆ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕಾಣದ ಈ ಶತ್ರುವನ್ನು ಅಳೆಯುವುದು ಹೇಗೆ?

ಯಂತ್ರವೊಂದು ಹೊರಗಿನ ಗಾಳಿಯನ್ನು ಹೀರಿ, ಮೊದಲೇ ತೂಗಿಟ್ಟ ಸೋಸುಕಾಗದದ ಮೂಲಕ ಹಾಯಿಸುತ್ತದೆ. 24 ಗಂಟೆಗಳ ತರುವಾಯ ಕಾಗದವನ್ನು ಮತ್ತೆ ತೂಗುತ್ತಾರೆ. ಹೆಚ್ಚಿದ ತೂಕವೇ ಧೂಳಿನ ತೂಕ. ಹಾಯ್ದ ಗಾಳಿಯ ಪರಿಮಾಣದಿಂದ ಅದನ್ನು ಭಾಗಿಸಿದರೆ ಉತ್ತರ ದೊರೆಯುತ್ತದೆ. 2009ರ ರಾಷ್ಟ್ರೀಯ ಮಾನದಂಡದಂತೆ, 10 ಮೈಕ್ರಾನ್‌ವರೆಗಿನ ಕಣಗಳ ದಿನದ ಸರಾಸರಿ ಘನಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು, 2.5 ಮೈಕ್ರಾನ್‌ವರೆಗಿನವು 60 ಮೈಕ್ರೋಗ್ರಾಂ ಮೀರಬಾರದು.

1981ರ ವಾಯು ಕಾಯಿದೆಯು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಾರ್ಖಾನೆಯ ಹೊಗೆಯನ್ನು ಪರೀಕ್ಷಿಸುವ ಅಧಿಕಾರವನ್ನಿತ್ತಿದೆ. ಬೀದಿಯಲ್ಲಿ ಕಸ ಸುಡದಂತೆ ತಡೆಯುವುದು, ರಸ್ತೆಯ ಧೂಳನ್ನು ಅಡಗಿಸುವುದು ನಗರಸಭೆ, ಪುರಸಭೆ, ಪಂಚಾಯಿತಿಗಳ ಕರ್ತವ್ಯ. ರೋಗ ಬಂದ ಮೇಲೆ ವೈದ್ಯನು ಅದನ್ನು ಗುರುತಿಸುತ್ತಾನೆ. ಅಳತೆಯಾದರೋ ಮುಂಚೆಯೇ ಎಚ್ಚರಿಸುತ್ತದೆ. ಆದರೆ ಅಂಕಿಯೊಂದೇ ಗಾಳಿಯನ್ನು ಶುದ್ಧಗೊಳಿಸಲಾರದು. ಅದನ್ನು ಓದಿ, ಅದರಂತೆ ನಡೆಯುವ ಜನರೂ ಬೇಕು.