ಸುವರ್ಣಗೆಡ್ಡೆಯ ಬತ್ತಳಿಕೆ

ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ ಎಂದರೆ ಹಲವರು ಹಿಂಜರಿಯುವುದು ರುಚಿಗಲ್ಲ, ತುರಿಕೆಗೆ. ಹೆಚ್ಚುವಾಗ ಕೈ ಕೆರೆಯುತ್ತದೆ, ಸರಿಯಾಗಿ ಬೇಯದಿದ್ದರೆ ಗಂಟಲೂ ಕೆರೆಯುತ್ತದೆ. ಈ ಗೆಡ್ಡೆಗಳ (ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವು ಬೇರಲ್ಲ, ನೆಲದೊಳಗೆ ಊದಿಕೊಂಡ ಕಾಂಡ) ಕೆಲವು ಜೀವಕೋಶಗಳು ಬಾಣ ತುಂಬಿದ ಬತ್ತಳಿಕೆಗಳಂತಿವೆ. ಅವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಕಟ್ಟುಕಟ್ಟಾಗಿ ಕೂತಿರುತ್ತವೆ. ಅವಕ್ಕೆ ರಾಫೈಡ್ ಎಂದು ಹೆಸರು. ಕೆಸುವಿನಲ್ಲಿ ಇಂಥ ಕೋಶದೊಳಗೆ ನೀರು ನುಗ್ಗಿದರೆ ತುದಿ ಬಿರಿದು ಸೂಜಿಗಳು ಹೊರಗೆ ಚಿಮ್ಮುತ್ತವೆ. ಹಾಗೆಂದು ಬರೀ ಚುಚ್ಚಿದ್ದರಿಂದಲೇ ಇಷ್ಟು ಉರಿಯೆ? ಸೂಜಿಗಳನ್ನು ತೊಳೆದು ಮೇಲಂಟಿದ್ದನ್ನು ತೆಗೆದಾಗ ಕೆಸುವಿನ ತುರಿಕೆ ಬಹಳ ತಗ್ಗುತ್ತದೆ. ಸೂಜಿ ತೂತು ಕೊರೆಯುತ್ತದೆ, ಅದಕ್ಕೆ ಅಂಟಿದ ಪ್ರೋಟೀನು ಕೆರಳಿಸುತ್ತದೆ ಎಂಬುದೇ ಇದಕ್ಕೆ ಹೆಚ್ಚು ಒಪ್ಪುವ ವಿವರಣೆ.

ನಮ್ಮ ಅಡುಗೆಯ ಕ್ರಮವೂ ಇದಕ್ಕೆ ಸಾಕ್ಷಿ. ಕ್ಯಾಲ್ಸಿಯಂ ಆಕ್ಸಲೇಟು ಕುದಿಯುವ ನೀರಿನಲ್ಲಿ ಕರಗದು, ಬಾಣಲೆಯ ಕಾವಿಗೂ ಮುರಿಯದು. ಆದರೂ ಚೆನ್ನಾಗಿ ಬೆಂದ ಗೆಡ್ಡೆ ತುರಿಸುವುದಿಲ್ಲ, ಏಕೆಂದರೆ ಪ್ರೋಟೀನು ಬಿಸಿಗೆ ಕೆಡುತ್ತದೆ. ಹುಣಸೆಹುಳಿ ಸೂಜಿಯನ್ನು ಕರಗಿಸುತ್ತದೆ ಎಂಬ ಮಾತು ಮಾತ್ರ ಅನುಮಾನದ್ದು. ಆ ಹರಳು ಕರಗಲು ಪ್ರಬಲ ಆಮ್ಲವೇ ಬೇಕು, ಹುಳಿಗೊಜ್ಜಿಗೆ ಅಷ್ಟು ಕಸುವಿಲ್ಲ. ಹಾಗಂತ ಹುಳಿ ಹಾಕುವ ರೂಢಿ ತಪ್ಪಲ್ಲ. ಪ್ರೋಟೀನು ಕೆಡಿಸಲು ಹುಳಿಯೂ ನೆರವಾಗಬಲ್ಲದು. ಪದ್ಧತಿ ಸರಿಯಿದ್ದು ಕಾರಣ ಮಾತ್ರ ತಪ್ಪಿರುವುದು ಅಡುಗೆಮನೆಯಲ್ಲಿ ಅಪರೂಪವೇನಲ್ಲ.

ಹಾಗಾಗಿ ಮನೆಯಲ್ಲಿ ಚಿಪ್ಸ್ ಮಾಡುವವರು ತೆಳ್ಳಗೆ ಹೆಚ್ಚಿದ ಹೋಳನ್ನು ಹಸಿಯಾಗಿಯೇ ಎಣ್ಣೆಗೆ ಬಿಡದೆ, ಉಪ್ಪು, ಹುಳಿ ಹಾಕಿದ ನೀರಿನಲ್ಲಿ ಕುದಿಸಿ, ನೀರು ಚೆಲ್ಲಿ, ಬಟ್ಟೆಯ ಮೇಲೆ ಆರಿಸಿ ಕರಿಯುವುದು ಮೇಲು. ಇದು ತುರಿಕೆಗಷ್ಟೇ ಮದ್ದಲ್ಲ. ಪಿಷ್ಟವಿರುವ ತಿನಿಸನ್ನು 120 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದಾಗ ಅಕ್ರಿಲಮೈಡ್ ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಿಳಿಸಿದರು. ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತರುತ್ತದೆ. ಅದು ಹುಟ್ಟಲು ಬೇಕಾದ ಸಕ್ಕರೆ, ಅಮೈನೊ ಆಮ್ಲವಾದ ಆಸ್ಪರಜಿನ್‌ಗಳಲ್ಲಿ ಒಂದು ಪಾಲು ಕುದಿನೀರಿನೊಂದಿಗೇ ಹೋಗುತ್ತದೆ. ಮನೆಯಲ್ಲಿ ಕರಿದದ್ದು ಎಂದ ಮಾತ್ರಕ್ಕೆ ಬಾಣಲೆಯ ರಸಾಯನಶಾಸ್ತ್ರ ಬದಲಾಗದು. ಕಂದು ತಿರುಗುವ ಮೊದಲೇ, ಹೊಂಬಣ್ಣದಲ್ಲೇ ಎತ್ತಬೇಕು.

ನೀರು ಚೆಲ್ಲಿದರೆ ಸತ್ವವೂ ಹೋಗದೆ ಎಂದು ಕೇಳಬಹುದು. ಹೋಗುತ್ತದೆ, ಪೊಟ್ಯಾಸಿಯಮ್ ಮತ್ತು ಸಿ ಜೀವಸತ್ವ ಒಂದಿಷ್ಟು. ಆದರೆ ಅದರೊಂದಿಗೆ ಕರಗುವ ಆಕ್ಸಲೇಟೂ ಹೋಗುತ್ತದೆ, ಮೂತ್ರಪಿಂಡದ ಕಲ್ಲಿನ ವಿಷಯದಲ್ಲಿ ತಲೆಕೆಡಿಸಿಕೊಳ್ಳಬೇಕಾದ್ದು ಮುಖ್ಯವಾಗಿ ಅದಕ್ಕೇ. ನಾರು, ಪಿಷ್ಟಗಳು ಹೆಚ್ಚಾಗಿ ಹೋಳಿನಲ್ಲೇ ಉಳಿಯುತ್ತವೆ. ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಉಳಿದವರು ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇಟ್ಟುಕೊಳ್ಳಬಹುದು: ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು, ರಕ್ತಕ್ಕೆ ಸೇರುವ ಪಾಲನ್ನು ತಗ್ಗಿಸುತ್ತದೆ.