ಹಿರಿಯರ ಧ್ವನಿಯನ್ನು ಹೇಗೆ ಕಳುಹಿಸುತ್ತೀರಿ?

ನಿಮ್ಮ ಮನೆಯ ಹಿರಿಯರ ಮಾತು ಎಲ್ಲಿಯಾದರೂ ದಾಖಲಾಗಿದೆಯೇ? ಬೀದರ್ ಜಿಲ್ಲೆಯ ಚಿಟಗುಪ್ಪದ ಕಡೆ ಕನ್ನಡ, ದಖ್ಖನಿ, ಮರಾಠಿ, ತೆಲುಗು ಒಟ್ಟೊಟ್ಟಿಗೆ ಕೇಳಿಸುತ್ತವೆ. ಅಲ್ಲಿನ ನಾನಿ-ದಾದಿಯರು ಹೇಳುವ ಎಷ್ಟೋ ಕಥೆ, ಗಾದೆ, ಅಡುಗೆಯ ಹದ ಪುಸ್ತಕದಲ್ಲಿ ಸಿಗುವುದಿಲ್ಲ. ಅವರು ಕಣ್ಮುಚ್ಚಿದರೆ ಅವೂ ಹೋದಂತೆ. ಹೈದರಾಬಾದಿನಲ್ಲೋ ಗಲ್ಫ್‌ನಲ್ಲೋ ಇರುವ ಮಕ್ಕಳು, ಮೊಮ್ಮಕ್ಕಳಿಗೆ ಅದನ್ನು ಇಂಟರ್‌ನೆಟ್ ಮೂಲಕ ತಲುಪಿಸಬಹುದು. ಆದರೆ ಯಾವ ಫಾರ್ಮ್ಯಾಟ್‌ನಲ್ಲಿ?

ಯಾವುದು ಒಳ್ಳೆಯದು?

‘ವೇವ್’ ಫೈಲ್ ರೆಕಾರ್ಡ್ ಆದ ಧ್ವನಿಯಲ್ಲಿ ಏನನ್ನೂ ಕಡಿತ ಮಾಡದೆ ಉಳಿಸುತ್ತದೆ. ಆದರೆ ಅದರ ಗಾತ್ರ ದೊಡ್ಡದು. ಸಿ.ಡಿ. ಗುಣಮಟ್ಟದಲ್ಲಿ, ಮೊನೊ ಆಗಿ ಇಟ್ಟರೂ 20 ನಿಮಿಷದ ಮಾತಿಗೆ ಸುಮಾರು 105 ಎಂ.ಬಿ. ಬೇಕು.

‘ಎಂಪಿ3’ ನಮ್ಮ ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ತೆಗೆದುಹಾಕುತ್ತದೆ. ಅದೇ 20 ನಿಮಿಷ, 64 ಕೆ.ಬಿ.ಪಿ.ಎಸ್. ಮೊನೊದಲ್ಲಿ 10 ಎಂ.ಬಿ.ಯೊಳಗೆ ಮುಗಿಯುತ್ತದೆ. ಒಬ್ಬರ ಮಾತಿಗೆ ಇಷ್ಟು ಸಾಕು. ಹಳೆಯ ಮೊಬೈಲ್, ಕಾರಿನ ಪೆನ್‌ಡ್ರೈವ್ ಪ್ಲೇಯರ್, ಕಂಪ್ಯೂಟರ್ ಹೀಗೆ ಬಹುತೇಕ ಎಲ್ಲೆಡೆ ಇದು ಕೇಳಿಸುತ್ತದೆ. ಇದರ ಪೇಟೆಂಟ್ ಪರವಾನಗಿ ವ್ಯವಸ್ಥೆಯೂ 2017ರಲ್ಲಿ ಕೊನೆಗೊಂಡಿತು.

ವಾಟ್ಸಾಪ್‌ನ ಧ್ವನಿ ಸಂದೇಶ ಬಳಸುವುದು 2012ರಲ್ಲಿ ಮಾನಕವಾದ ‘ಓಪಸ್’ ಅನ್ನು. ಮಾತಿಗೆ ಇದು ಬಹಳ ಚೆನ್ನ, ಗಾತ್ರವೂ ಚಿಕ್ಕದು. ಆದರೆ ಹಳೆಯ ಸಾಧನಗಳಲ್ಲಿ ಹಲವೆಡೆ ತೆರೆಯುವುದಿಲ್ಲ. ಹಾಗಾಗಿ ಯಾರ ಬಳಿ ಯಾವ ಫೋನ್ ಇದೆಯೆಂದು ತಿಳಿಯದಿದ್ದಾಗ ಎಂಪಿ3 ಕಳುಹಿಸುವುದೇ ಲೇಸು.

ಒಂದು ಎಚ್ಚರಿಕೆ

ಒಮ್ಮೆ ತೆಗೆದುಹಾಕಿದ ಅಂಶ ಮರಳಿ ಬಾರದು. ಎಂಪಿ3ಯನ್ನು ವೇವ್‌ಗೆ ಬದಲಾಯಿಸಿದರೆ ಗಾತ್ರ ಹೆಚ್ಚೀತೇ ಹೊರತು ಧ್ವನಿ ಸುಧಾರಿಸದು. ಮತ್ತೆ ಮತ್ತೆ ಬದಲಾಯಿಸಿದಷ್ಟೂ ಧ್ವನಿ ಕೆಡುತ್ತದೆ. ಆದ್ದರಿಂದ ಮೊದಲ ರೆಕಾರ್ಡಿಂಗನ್ನು ಹಾಗೆಯೇ ಎರಡು ಕಡೆ ಕಾಪಿಡಿ. ಹಂಚಲು ಮಾತ್ರ ಅದರಿಂದ ಎಂಪಿ3 ಪ್ರತಿ ಮಾಡಿ. ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುತ್ತದೆ. ಹಳೆಯ ಕ್ಯಾಸೆಟ್‌ಗಳಿದ್ದರೆ ಟೇಪು ಹಾಳಾಗುವ ಮುನ್ನವೇ ಅವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ರೆಕಾರ್ಡ್ ಮಾಡುವಾಗ ಫ್ಯಾನ್, ಟಿ.ವಿ. ನಿಲ್ಲಿಸಿ, ಮೊಬೈಲನ್ನು ಮಾತಾಡುವವರ ಹತ್ತಿರವಿಡಿ. ಆರಂಭದಲ್ಲಿ ಹೆಸರು, ಊರು, ದಿನಾಂಕ ಹೇಳಿಸಿ. ಗದ್ದಲದಲ್ಲಿ ಮುದ್ರಿಸಿದ ಮಾತನ್ನು ಯಾವ ಫಾರ್ಮ್ಯಾಟೂ ತಿಳಿಯಾಗಿಸದು.

ಕೊನೆಯದಾಗಿ, ಅವರ ಒಪ್ಪಿಗೆ ಕೇಳಿ. ಮನೆಯವರಿಗೆಂದು ಆಡಿದ ಮಾತು ಬೇರೆ, ಊರಿಗೆಲ್ಲ ಕೇಳಿಸಲು ಆಡಿದ್ದು ಬೇರೆ. ಒಮ್ಮೆ ಹಂಚಿದ ಫೈಲನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಹಿರಿಯರ ಧ್ವನಿ ನಿಮ್ಮ ಕೈಯಲ್ಲಿರುವ ಅಮಾನತ್ತು. ಈ ವಾರವೇ ಅವರ ಬಳಿ ಕುಳಿತು ಒಂದು ಕಥೆ ಹೇಳಿಸಿಕೊಳ್ಳಿ.