ನಂಜಿನ ಹುಳು ಮತ್ತು ಬಸುರಿ ನಾಯಿಗಳು

ಬಸುರಿನ ಉತ್ತರಾರ್ಧದಲ್ಲಿ ರಕ್ತದೊತ್ತಡ ಏರಿ, ಹೆಚ್ಚಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗುವ ಪ್ರೀಎಕ್ಲಾಂಪ್ಸಿಯಾ ಎಂಬ ಕಾಯಿಲೆಗೆ ಹುಳುವೊಂದು ಕಾರಣವೆಂದು 1983ರಲ್ಲಿ ಅಮೆರಿಕದ ಲ್ಯೂಕ್, ಅಲಾಜೆಮ್ ಮೊದಲಾದ ಸಂಶೋಧಕರು ಪ್ರಕಟಿಸಿ, ಅದಕ್ಕೆ ‘ಹೈಡಟಾಕ್ಸಿ ಲುವಾಲ್ಬಾ’ ಎಂದು ಹೆಸರನ್ನೂ ಇಟ್ಟರು. ಬಸುರಿ ಬೀಗಲ್ ನಾಯಿಗಳಲ್ಲಿ ಇದನ್ನೇ ಹೋಲುವ ನಂಜಿನ ಲಕ್ಷಣಗಳನ್ನು ಉಂಟುಮಾಡಿದ್ದಾಗಿಯೂ ಅದೇ ವರ್ಷ ವರದಿಯಾಯಿತು. ಬೇರೆಯವರು ಸ್ಲೈಡುಗಳನ್ನು ಮರುಪರಿಶೀಲಿಸಿದಾಗ ಹುಳುವೆಂದು ಕಂಡದ್ದು ಬಣ್ಣ ಹಾಕುವಾಗ ಮೂಡಿದ ಕಲೆ, ಹೊರಗಿನಿಂದ ಸೇರಿದ ಕಸ ಎಂದು ತಿಳಿದು, ಹುಳುವಿನ ಕಥೆ ಮುಗಿಯಿತು.

ನಾಯಿಗಳಿಂದಲೇ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನಾಲ್ಕು ದಶಕಗಳ ಹಿಂದೆಯೇ ದೊರೆತಿತ್ತೆಂಬುದು ಈ ಪ್ರಸಂಗವನ್ನು ಇನ್ನಷ್ಟು ಬೇಸರದ್ದಾಗಿಸುತ್ತದೆ. 1940ರಲ್ಲಿ ಆಗ್ಡೆನ್, ಹಿಲ್ಡೆಬ್ರಾಂಡ್ ಮತ್ತು ಪೇಜ್ ಎಂಬವರು, ಮೂತ್ರಪಿಂಡಗಳಿಗೆ ಹೋಗುವ ರಕ್ತಕ್ಕೆ ತಡೆಯಾಗದಂತೆ ಅವುಗಳ ಕವಲಿನ ಕೆಳಗೆ ಮಹಾಪಧಮನಿಯನ್ನು ಬಿಗಿದು ಗರ್ಭಕೋಶದ ರಕ್ತವನ್ನು ಕಡಿಮೆ ಮಾಡಿದಾಗ, ಬಸುರಿ ನಾಯಿಗಳ ರಕ್ತದೊತ್ತಡ ಏರಿತು. ಬಸುರಾಗದ ನಾಯಿಗಳಲ್ಲಿ ಹಾಗಾಗಲಿಲ್ಲ. ಹೋಲಿಕೆಗೆಂದು ಇಟ್ಟುಕೊಂಡ ಈ ಎರಡನೆಯ ಗುಂಪೇ ಪ್ರಯೋಗದ ಜೀವಾಳ, ಏಕೆಂದರೆ ದೋಷ ಬಿಗಿತದಲ್ಲಷ್ಟೇ ಅಲ್ಲ, ರಕ್ತ ಸಾಲದ ಬಸುರಿನ ಗರ್ಭಕೋಶದಲ್ಲಿದೆ ಎಂದು ಅದು ತೋರಿಸಿತು.

ಮುಂದೆ ಮಿಸಿಸಿಪ್ಪಿಯ ಗ್ರ್ಯಾಂಜರ್ ತಂಡವು ಬಸುರಿ ಇಲಿಗಳ ಮಹಾಪಧಮನಿಗೂ ಅಂಡಾಶಯದ ಅಪಧಮನಿಗಳಿಗೂ ಬೆಳ್ಳಿಯ ಸಣ್ಣ ಕ್ಲಿಪ್ ಹಾಕಿ ಇದೇ ವಿಧಾನವನ್ನು ಬೆಳೆಸಿತು. 2003ರಲ್ಲಿ ಬಾಸ್ಟನ್‌ನಲ್ಲಿ ಭಾರತ ಮೂಲದ ಅನಂತ್ ಕರುಮಂಚಿ ಮತ್ತು ಸಂಗಡಿಗರು, ರೋಗಿಗಳ ಮಾಸು ಅತಿಯಾಗಿ ಸ್ರವಿಸುವ, ರಕ್ತನಾಳಗಳ ಒಳಪದರಕ್ಕೆ ಬೇಕಾದ ಬೆಳವಣಿಗೆಯ ಅಂಶಗಳನ್ನು ಹಿಡಿದಿಟ್ಟುಕೊಳ್ಳುವ ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಇಲಿಗಳ ದೇಹದಲ್ಲಿ ಹೆಚ್ಚಿಸಿದರು. ಒತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಂಡಿತು, ಮೂತ್ರಪಿಂಡದ ಸೋಸುಗಂಟುಗಳು ಮನುಷ್ಯರಲ್ಲಿ ಕಾಣುವ ರೀತಿಯಲ್ಲೇ ಊದಿಕೊಂಡವು. ಬಸುರಾಗದ ಇಲಿಗಳಲ್ಲೂ ಒತ್ತಡ ಏರಿದ್ದರಿಂದ, ಮಾಸಿನಿಂದ ಹೊರಬಿದ್ದ ಮೇಲೆ ಈ ಪ್ರೋಟೀನಿನ ಕೆಲಸಕ್ಕೆ ಬಸುರೇ ಬೇಕಿಲ್ಲವೆಂದು ಗೊತ್ತಾಯಿತು. ಮಾಸು ಅದನ್ನು ಅತಿಯಾಗಿ ಸ್ರವಿಸತೊಡಗುವುದೇಕೆ ಎಂಬ ಮೊದಲ ಪ್ರಶ್ನೆಗೆ ಮಾತ್ರ ಇಂಥ ಇಲಿ ಉತ್ತರಿಸಲಾರದು, ಕಾಯಿಲೆಯನ್ನು ಅದಕ್ಕೆ ಹೊರಗಿನಿಂದಲೇ ತರಿಸಲಾಗಿರುತ್ತದೆ.

ಮಾಸಿನ ರಚನೆಯಲ್ಲಿ ಮನುಷ್ಯರಿಗೆ ಹೆಚ್ಚು ಹತ್ತಿರವಾದ ಬಬೂನ್ ಕೋತಿಗಳತ್ತ ಸಂಶೋಧಕರು ಹೊರಳಿದ್ದು ಇದರಿಂದಲೇ. ಗರ್ಭಕೋಶದ ಒಂದು ಅಪಧಮನಿಯನ್ನು ಕಟ್ಟಿದ ಬಸುರಿ ಬಬೂನ್‌ಗಳಲ್ಲಿ ಒತ್ತಡದ ಜೊತೆಗೆ ಎಸ್‌ಫ್ಲಿಟ್-1 ಕೂಡ ಏರಿತೆಂದು 2007ರಲ್ಲಿ ವರದಿಯಾಯಿತು. ಆ ಪ್ರೋಟೀನಿನ ತಯಾರಿಯನ್ನೇ ತಗ್ಗಿಸುವ ಆರ್‌ಎನ್‌ಎ ಚುಚ್ಚುಮದ್ದನ್ನು 2018ರಲ್ಲಿ ಇಂಥವೇ ಬಬೂನ್‌ಗಳಿಗೆ ಕೊಟ್ಟಾಗ ಅವುಗಳ ರಕ್ತದೊತ್ತಡವೂ ಇಳಿಯಿತು.